ನೀರಿನ ಕೆಲಸ: ಓದುಗರು ಕೇಳಿದ್ದು, ನಾವು ಹೇಳಿದ್ದು

ಹೊಳೆ, ಕೆರೆ, ಕಾಲುವೆ ಮತ್ತು ಅಂತರ್ಜಲಕ್ಕೆ ಸಂಬಂಧಿಸಿದ ಉದ್ಯೋಗಗಳ ಕುರಿತು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಬರೆದಿರುವ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ. ಹೆಚ್ಚಿನವರು ‘ಯಾವ ಇಲಾಖೆಗೆ ಅರ್ಜಿ ಹಾಕಲಿ?’ ಎಂದೇ ಕೇಳಿದ್ದಾರೆ. ಇಲಾಖೆಯ ಹೆಸರು ಹಿಡಿದು ಹೊರಡುವುದಕ್ಕಿಂತ, ನೀರನ್ನು ಅಳೆಯುವುದು, ಹಂಚುವುದು, ನೆಲದೊಳಗೆ ಹುಡುಕುವುದು, ಅದರಲ್ಲಿ ಬದುಕುವ ಜೀವಿಗಳನ್ನು ನೋಡಿಕೊಳ್ಳುವುದು, ಇವುಗಳಲ್ಲಿ ತನಗೆ ಒಗ್ಗುವ ಕೆಲಸ ಯಾವುದೆಂದು ಮೊದಲು ತಿಳಿದುಕೊಳ್ಳುವುದು ಲೇಸು ಎಂಬುದು ಈ ಅಂಕಣದ ಅಭಿಪ್ರಾಯ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ನಮ್ಮ ಹೊಲ ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಕಾಲುವೆಗೆ ನೀರು ಬಿಟ್ಟಾಗ ಅಪ್ಪ ಮತ್ತು ಚಿಕ್ಕಪ್ಪ ರಾತ್ರಿಯೆಲ್ಲ ಕಾಯಲು ಹೋಗುತ್ತಾರೆ. ಆದರೂ ಎಷ್ಟೋ ಸಲ ನೀರು ನಮ್ಮವರೆಗೆ ಬರುವುದಿಲ್ಲ. ಈ ಕಾಲುವೆಯ ಕೆಲಸವನ್ನೇ ಓದಿ, ಅದರಲ್ಲೇ ನೌಕರಿ ಮಾಡಬೇಕೆಂಬ ಆಸೆಯಿದೆ. ಸಿವಿಲ್ ಎಂಜಿನಿಯರಿಂಗ್ ಒಂದೇ ದಾರಿಯೇ?
(ಶಹಾಪುರ ತಾಲ್ಲೂಕು)

ಉತ್ತರ: ಸಿವಿಲ್ ಎಂಜಿನಿಯರಿಂಗ್ ನೇರವಾದ ದಾರಿ, ಆದರೆ ಒಂದೇ ದಾರಿಯಲ್ಲ. ನಿಮ್ಮ ಪ್ರಶ್ನೆಯಲ್ಲಿರುವ ತೊಂದರೆಯನ್ನೇ ಬಿಡಿಸಿ ನೋಡಿದರೆ ಯಾವ ಓದು ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಎಡದಂಡೆ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಕಾಲುವೆ ತುಂಬಿ ಹರಿದರೆ ದಿನವೊಂದಕ್ಕೆ 0.86 ಟಿಎಂಸಿ ನೀರು ಖರ್ಚಾಗುತ್ತದೆ. ನೀರಾವರಿ ಸಲಹಾ ಸಮಿತಿಯ ಸಭೆಯ ಬಳಿಕ ಪತ್ರಿಕೆಗಳಲ್ಲಿ ಬರುವ ‘ಚಾಲು-ಬಂದ್’ ವೇಳಾಪಟ್ಟಿಯನ್ನು ನೀವು ನೋಡಿಯೇ ಇರುತ್ತೀರಿ. ಅದರಲ್ಲಿ 14 ದಿನ ಚಾಲು ಎಂದಿದ್ದರೆ, ಪೂರ್ಣ ಹರಿವಿನಲ್ಲಿ ಆ ಒಂದು ಸರದಿಗೇ 12 ಟಿಎಂಸಿ ಬೇಕು. ಈ ಕಾಲುವೆಗೆ ನೀರು ಕೊಡುವ ಬಸವಸಾಗರ ಜಲಾಶಯದ ಒಟ್ಟು ಸಂಗ್ರಹವೇ ಸುಮಾರು 33 ಟಿಎಂಸಿ. ಹೀಗಾಗಿ ಮೇಲಿನ ಆಲಮಟ್ಟಿಯಲ್ಲಿ ಎಷ್ಟು ನೀರಿದೆ, ಎರಡನೇ ಬೆಳೆಗೆ ಎಷ್ಟು ಉಳಿಯುತ್ತದೆ, ಕುಡಿಯುವ ನೀರಿಗೆ ಎಷ್ಟು ತೆಗೆದಿಡಬೇಕು ಎಂಬ ಲೆಕ್ಕವಿಲ್ಲದೆ ಯಾವ ಸಭೆಯೂ ತೀರ್ಮಾನಕ್ಕೆ ಬರಲಾರದು.

ಇನ್ನು ಕೊನೆ ಭಾಗದ ಮಾತು. ಲಘು ನೀರಾವರಿ ಬೆಳೆಗಳನ್ನು ಲೆಕ್ಕದಲ್ಲಿಟ್ಟು ಕಟ್ಟಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತರೆ, ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಲ್ಯಾಟರಲ್ ಎಂಬ ಉಪಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ಇಳಿಯಬೇಕಾದ ನೀರು ಅರ್ಧ ದಾರಿಯಲ್ಲೇ ಮುಗಿಯುತ್ತದೆ. ಇದು ಕಾಂಕ್ರೀಟಿನ ದೋಷವಲ್ಲ. ಬೆಳೆಯ ಆಯ್ಕೆ, ಅಳತೆಯ ಕೊರತೆ ಮತ್ತು ಒಪ್ಪಂದದ ಅಭಾವ ಮೂರೂ ಸೇರಿದ ದೋಷ. ಆದ್ದರಿಂದ ಕಾಲುವೆ ಕಟ್ಟುವವರ ಜೊತೆಗೆ ಕಾಲುವೆ ನಡೆಸುವವರೂ ಬೇಕು.

ನಡೆಸುವ ಕೆಲಸಕ್ಕೆ ಒಗ್ಗುವ ಓದು ಕೃಷಿ ಎಂಜಿನಿಯರಿಂಗ್. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಟೆಕ್ ಇದೆ. ಅದರಲ್ಲಿ ಮಣ್ಣು ಮತ್ತು ನೀರಿನ ಎಂಜಿನಿಯರಿಂಗ್ ಒಂದು ಮುಖ್ಯ ವಿಭಾಗ. ಕಪ್ಪು ಮಣ್ಣು ಎಷ್ಟು ನೀರು ಹಿಡಿದುಕೊಳ್ಳುತ್ತದೆ, ಹತ್ತಿಗೆ ಯಾವ ಹಂತದಲ್ಲಿ ನೀರು ತಪ್ಪಿದರೆ ನಷ್ಟ, ಹೊಲಗಾಲುವೆಯಲ್ಲಿ ಸೋರಿಕೆ ಎಷ್ಟು ಎಂಬುದನ್ನು ಅಲ್ಲಿ ಓದುತ್ತೀರಿ. ಸಿವಿಲ್‌ನಲ್ಲಿ ಇವು ಬಂದರೂ ಸೇತುವೆ, ಕಟ್ಟಡ, ರಸ್ತೆಗಳ ನಡುವೆ ಒಂದೆರಡು ವಿಷಯಗಳಾಗಿ ಬರುತ್ತವೆ. ಆದರೆ ಒಂದು ಎಚ್ಚರಿಕೆ: ಜಲಸಂಪನ್ಮೂಲ ಇಲಾಖೆಯ ಸಹಾಯಕ ಎಂಜಿನಿಯರ್ ಹುದ್ದೆಗಳಲ್ಲಿ ಹೆಚ್ಚಿನವು ಸಿವಿಲ್ ಪದವೀಧರರಿಗೆ ಮೀಸಲು. ಖಚಿತವಾಗಿ ಆ ಹುದ್ದೆಯೇ ಬೇಕೆಂದರೆ ಸಿವಿಲ್ ಓದಿ, ಬಳಿಕ ಜಲಸಂಪನ್ಮೂಲ ವಿಷಯದಲ್ಲಿ ಎಂ.ಟೆಕ್ ಮಾಡಬಹುದು; ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅದಕ್ಕೆಂದೇ ವಿಭಾಗವಿದೆ. ರೈತರ ಜೊತೆ ಕೂತು ನೀರು ಹಂಚುವ ಕೆಲಸದಲ್ಲಿ ಆಸಕ್ತಿಯಿದ್ದರೆ ಕೃಷಿ ಎಂಜಿನಿಯರಿಂಗ್ ಮೇಲು ಎಂದು ನಮ್ಮ ಅನಿಸಿಕೆ.

ಮೂರನೆಯ ದಾರಿಯೊಂದು ಹೊಸದಾಗಿ ತೆರೆದಿದೆ. ಎಡದಂಡೆ ಕಾಲುವೆಯ ಆಧುನೀಕರಣ ಕಾಮಗಾರಿಯನ್ನು 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಅದರ ಭಾಗವಾಗಿ ಗೇಟುಗಳಿಗೆ ಸ್ಕಾಡಾ ಎಂಬ ದೂರನಿಯಂತ್ರಣ ವ್ಯವಸ್ಥೆ ಬಂದಿದೆ. ನೀರಿನ ಮಟ್ಟ ತಿಳಿಸುವ ಸೆನ್ಸರ್, ಗೇಟನ್ನು ಎತ್ತಿಳಿಸುವ ಮೋಟಾರು, ಇವೆರಡನ್ನೂ ನಿಯಂತ್ರಣ ಕೊಠಡಿಗೆ ಜೋಡಿಸುವ ಸಂಪರ್ಕ, ಇಷ್ಟನ್ನೂ ಮಳೆಗಾಲ ಬೇಸಿಗೆಯೆನ್ನದೆ ಕೆಲಸ ಮಾಡುವಂತೆ ಇಟ್ಟುಕೊಳ್ಳಲು ಎಲೆಕ್ಟ್ರಾನಿಕ್ಸ್ ಮತ್ತು ಇನ್‌ಸ್ಟ್ರುಮೆಂಟೇಶನ್ ಕಲಿತವರು ಬೇಕು.

ಯಾವ ದಾರಿ ಹಿಡಿದರೂ ಈಗಲೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಭಾಗದ ನೀರು ಬಳಕೆದಾರರ ಸಹಕಾರ ಸಂಘದ ಸಭೆಗೆ ನಿಮ್ಮ ತಂದೆಯವರ ಜೊತೆ ಹೋಗಿ ಕುಳಿತುಕೊಳ್ಳಿ. ಯಾವ ತೂಬಿಗೆ ಎಷ್ಟು ಎಕರೆ, ಯಾರ ಸರದಿ ಯಾವಾಗ ಎಂಬುದನ್ನು ಬರೆದುಕೊಳ್ಳಿ. ಭೀಮರಾಯನಗುಡಿಯಲ್ಲಿ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಿದೆ, ಧಾರವಾಡದಲ್ಲಿ ರೈತರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುವ ವಾಲ್ಮಿ ಸಂಸ್ಥೆಯಿದೆ. ಈ ಹೆಸರುಗಳು ನಿಮಗೆ ಮುಂದೆ ಮತ್ತೆ ಮತ್ತೆ ಎದುರಾಗುತ್ತವೆ.

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿದ್ದೇನೆ. ಯಾದಗಿರಿಯಲ್ಲಿ ಭೀಮಾ ನದಿಯ ನೀರಿನ ಮಟ್ಟ ಅಳೆಯುವ ಕೇಂದ್ರ ಸರ್ಕಾರದ ನೌಕರರಿದ್ದಾರೆಂದು ಕೇಳಿದ್ದೇನೆ. ಅವರ ಕೆಲಸ ಏನು? ಸೇರುವುದು ಹೇಗೆ?
(ಯಾದಗಿರಿ)

ಉತ್ತರ: ಅವರು ಕೇಂದ್ರ ಜಲ ಆಯೋಗದವರು. 1945ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಯಾದಗಿರಿಯಲ್ಲಿ ಭೀಮಾ ನದಿಯ ಮೇಲೆ, ಮಳಖೇಡದಲ್ಲಿ ಕಾಗಿಣಾ ನದಿಯ ಮೇಲೆ ಮಾಪನ ಕೇಂದ್ರಗಳಿವೆ. ನಮ್ಮ ಭಾಗದ ಕೇಂದ್ರಗಳು ಹೈದರಾಬಾದಿನಲ್ಲಿರುವ ಕೃಷ್ಣಾ-ಗೋದಾವರಿ ಜಲಾನಯನ ಸಂಘಟನೆಗೆ ಸೇರುತ್ತವೆ.

ನೀರಿನ ಮಟ್ಟ ನೋಡುವುದು ಕೆಲಸದ ಒಂದು ಭಾಗ ಮಾತ್ರ. ಬೆಳಿಗ್ಗೆ ಎಂಟು ಗಂಟೆಗೆ ಗೇಜು (ನೀರಿನ ಮಟ್ಟದ ಅಳತೆಪಟ್ಟಿ) ಓದಿ ಬರೆಯುತ್ತಾರೆ. ಮಳೆಗಾಲದಲ್ಲಿ ಗಂಟೆಗೊಮ್ಮೆ ಓದುತ್ತಾರೆ. ಅದಕ್ಕಿಂತ ಕಷ್ಟದ್ದು ಹರಿವನ್ನು ಅಳೆಯುವುದು. ನದಿಯ ಅಗಲವನ್ನು ದಡದಿಂದ ದಡಕ್ಕೆ ಹಲವು ಪಾಲು ಮಾಡಿಕೊಂಡು, ಪ್ರತಿ ಪಾಲಿನಲ್ಲಿ ದೋಣಿ ನಿಲ್ಲಿಸಿ ಆಳ ನೋಡುತ್ತಾರೆ. ಬಳಿಕ ಸಣ್ಣ ಬಟ್ಟಲುಗಳು ಚಕ್ರದಂತೆ ತಿರುಗುವ ಕರೆಂಟ್ ಮೀಟರನ್ನು ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಇಳಿಸುತ್ತಾರೆ. ಆಳ ಐದು ಮೀಟರ್ ಇದ್ದರೆ ಮೂರು ಮೀಟರ್ ಕೆಳಗೆ. ನಿಗದಿತ ಸಮಯದಲ್ಲಿ ಬಟ್ಟಲು ಎಷ್ಟು ಸುತ್ತು ತಿರುಗಿತೆಂಬುದರಿಂದ ಅಲ್ಲಿನ ವೇಗ ಸಿಗುತ್ತದೆ. ಆ ಪಾಲಿನ ವಿಸ್ತೀರ್ಣವನ್ನು ವೇಗದಿಂದ ಗುಣಿಸಿ, ಎಲ್ಲ ಪಾಲುಗಳನ್ನೂ ಕೂಡಿದರೆ ನದಿಯ ಹರಿವು. ಹೀಗೆ ನಾನಾ ಮಟ್ಟಗಳಲ್ಲಿ ಅಳೆದು ಇಟ್ಟುಕೊಂಡರೆ, ಯಾವ ಮಟ್ಟಕ್ಕೆ ಎಷ್ಟು ಹರಿವು ಎಂಬ ಕೋಷ್ಟಕ ಸಿದ್ಧವಾಗುತ್ತದೆ. ದೊಡ್ಡ ಪ್ರವಾಹದ ನಂತರ ಅಥವಾ ಮರಳು ತೆಗೆದ ಮೇಲೆ ನದಿಯ ತಳವೇ ಬದಲಾಗುವುದರಿಂದ ಕೋಷ್ಟಕವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಮರಳು ದಂಧೆಯಿಂದ ಕೆಡುವುದು ದಡ ಮಾತ್ರವಲ್ಲ, ಅಂಕಿಯೂ ಹೌದು ಎಂಬುದನ್ನು ಯಾರೂ ಹೇಳುವುದಿಲ್ಲ.

ಈ ಅಂಕಿಗಳ ಬೆಲೆ ತಿಳಿಯಬೇಕಾದರೆ 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರಿಗೆ ಇಲ್ಲಿನ ಮಳೆಯೂ ಸೇರಿ ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಮುಳುಗಿದವು. ಅಂಥ ಹೊತ್ತಿನಲ್ಲಿ ಮೇಲಿನ ಕೇಂದ್ರದಲ್ಲಿ ನೀರು ಎಷ್ಟಿದೆ, ಕೆಳಗಿನ ಊರಿಗೆ ಯಾವಾಗ ತಲುಪುತ್ತದೆ ಎಂಬುದರ ಮೇಲೆಯೇ ಜನರನ್ನು ಎಬ್ಬಿಸಿ ಸಾಗಿಸುವ ತೀರ್ಮಾನ ನಿಂತಿರುತ್ತದೆ.

ಸೇರುವ ದಾರಿಗಳು ಹೀಗಿವೆ. ಡಿಪ್ಲೊಮಾ ಆದವರು ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ಕಿರಿಯ ಎಂಜಿನಿಯರ್ ಪರೀಕ್ಷೆ ಬರೆಯಬಹುದು. ಜಲ ಆಯೋಗದ ಹುದ್ದೆಗಳು ಅದರಲ್ಲಿ ಸೇರಿರುತ್ತವೆ. ಬಿ.ಇ. ಆದವರಿಗೆ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವಾ ಪರೀಕ್ಷೆಯ ಮೂಲಕ ಕೇಂದ್ರ ಜಲ ಎಂಜಿನಿಯರಿಂಗ್ ಸೇವೆ ಇದೆ. ಕೆಳಹಂತದಲ್ಲಿ ಸ್ಕಿಲ್ಡ್ ವರ್ಕ್ ಅಸಿಸ್ಟೆಂಟ್ ಎಂಬ ಹುದ್ದೆಯಿದೆ, ಮಳೆಗಾಲಕ್ಕಷ್ಟೇ ತೆಗೆದುಕೊಳ್ಳುವ ಖಲಾಸಿಗಳೂ ಇದ್ದಾರೆ. ಖಲಾಸಿ ಕೆಲಸ ಹಂಗಾಮಿಯಾದರೂ ಒಂದು ಮಳೆಗಾಲ ಮಾಡಿದವರಿಗೆ ನದಿಯ ಬಗ್ಗೆ ತಿಳಿಯುವಷ್ಟು ಮೂರು ವರ್ಷದ ಡಿಪ್ಲೊಮಾದಲ್ಲಿ ತಿಳಿಯುವುದಿಲ್ಲ. ಈಜು ಬಾರದಿದ್ದರೆ ಮೊದಲು ಅದನ್ನು ಕಲಿಯಿರಿ.

ಪ್ರಶ್ನೆ: ಭೀಮಾ ನದಿಯನ್ನು ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದ್ದಾರಂತೆ. ಮುಂದೆ ನಮ್ಮಲ್ಲಿ ದೋಣಿ, ಬಂದರು ಕೆಲಸಗಳು ಬರುತ್ತವೆಯೇ?
(ಜೇವರ್ಗಿ)

ಉತ್ತರ: 2016ರ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿದೆ, ಭೀಮಾ ಮತ್ತು ಮಾಂಜ್ರಾ ಎರಡೂ ಅದರಲ್ಲಿವೆ. ಆದರೆ ಬೇಸಿಗೆಯಲ್ಲಿ ಬ್ಯಾರೇಜಿನ ಕೆಳಗೆ ನಡೆದು ದಾಟಬಹುದಾದ ನದಿಯಲ್ಲಿ ಸರಕಿನ ದೋಣಿ ಓಡುವುದನ್ನು ನಂಬಿ ಯಾರೂ ಓದನ್ನು ಆರಿಸಿಕೊಳ್ಳಬಾರದು. ದೋಣಿ ನಡೆಸುವುದರಲ್ಲೇ ಆಸಕ್ತಿಯಿದ್ದರೆ ಪಟ್ನಾದಲ್ಲಿ ಒಳನಾಡು ಜಲಸಾರಿಗೆಯ ರಾಷ್ಟ್ರೀಯ ತರಬೇತಿ ಸಂಸ್ಥೆಯಿದೆ, ಕೆಲಸ ಗಂಗಾ ಮತ್ತು ಬ್ರಹ್ಮಪುತ್ರದ ಕಡೆ.

ಪ್ರಶ್ನೆ: ಭೂವಿಜ್ಞಾನ ಒಂದು ವಿಷಯವಾಗಿರುವ ಬಿ.ಎಸ್ಸಿ. ಮುಗಿಸಿದ್ದೇನೆ. ನೌಬಾದ್‌ನ ಕರೇಜ್ (ನೆಲದಡಿಯ ಹಳೆಯ ನೀರಿನ ಸುರಂಗ) ನೋಡಿದಂದಿನಿಂದ ಅಂತರ್ಜಲದ ಕೆಲಸ ಮಾಡಬೇಕೆನಿಸಿದೆ. ಇದರಿಂದ ಜೀವನ ಸಾಗುತ್ತದೆಯೇ?
(ಬೀದರ್)

ಉತ್ತರ: ಸಾಗುತ್ತದೆ, ಆದರೆ ಬಿ.ಎಸ್ಸಿ.ಗೆ ನಿಲ್ಲಬೇಡಿ.

ನೀವು ಒಳ್ಳೆಯ ಜಾಗದಿಂದ ಆರಂಭಿಸಿದ್ದೀರಿ. ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಜಂಬಿಟ್ಟಿಗೆ ತೂತುತೂತಾದ ಕಲ್ಲಾದ್ದರಿಂದ ಮಳೆ ನೀರನ್ನು ಬೇಗ ಕೆಳಗೆ ಬಿಡುತ್ತದೆ. ಅದರ ಅಡಿಯಲ್ಲಿರುವ ಗಟ್ಟಿ ಕಪ್ಪುಶಿಲೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎರಡರ ನಡುವೆ ನಿಂತು ಹರಿಯುವ ನೀರನ್ನು ಹದಿನೈದನೇ ಶತಮಾನದ ಬಹಮನಿ ಕಾಲದವರು ನೆಲದಡಿಯ ಸುರಂಗದಲ್ಲಿ ಹಿಡಿದು, ಸಣ್ಣ ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ಮಾಡಿದರು. ಮೇಲಿನಿಂದ ಸಾಲಾಗಿ ಕಾಣುವ ಬಾವಿಯಂಥ ಬಾಯಿಗಳು ಗಾಳಿಗೆ, ಬೆಳಕಿಗೆ ಮತ್ತು ಹೂಳೆತ್ತುವುದಕ್ಕೆ. ಒಂದು ಪಂಪು ಇಲ್ಲ, ಒಂದು ಕೊಳವೆಬಾವಿ ಇಲ್ಲ. ಬಂಡೆಯ ಗುಣ ತಿಳಿದವರು ಮಾಡಿದ ಕೆಲಸ ಅದು, ಜಲಭೂವಿಜ್ಞಾನ ಎಂಬ ಹೆಸರು ಹುಟ್ಟುವ ಮೊದಲೇ.

ನಮ್ಮ ಮೂರು ಜಿಲ್ಲೆಗಳಲ್ಲೇ ನೀರು ಮೂರು ನಾಲ್ಕು ಬಗೆಯ ಕಲ್ಲಿನಲ್ಲಿ ಸಿಗುತ್ತದೆ ಎಂಬುದು ವಿದ್ಯಾರ್ಥಿಗೆ ದೊಡ್ಡ ಅನುಕೂಲ. ಬೀದರ್ ಮತ್ತು ಕಲಬುರಗಿಯ ಹೆಚ್ಚಿನ ಭಾಗ ಲಾವಾ ಪದರಗಳಿಂದಾದ ಕಪ್ಪುಶಿಲೆ. ಅಲ್ಲಿ ಒಂದು ಪದರದ ಸವೆದ ಮೇಲ್ಭಾಗದಲ್ಲಿ, ಗುಳ್ಳೆಗಳಿರುವ ಕಡೆ ನೀರು ಸಿಗುತ್ತದೆ. ಎರಡು ಪದರಗಳ ನಡುವೆ ಕೆಂಪು ಜೇಡಿಯಂಥ ತೆಳು ಪದರವಿದ್ದರೆ ಅದು ನೀರನ್ನು ತಡೆದು ನಿಲ್ಲಿಸುವುದೂ ಉಂಟು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲು; ನೀರು ಅದರ ಬಿರುಕುಗಳನ್ನು ಕರಗಿಸಿ ದಾರಿ ಮಾಡಿಕೊಂಡಿರುತ್ತದೆ, ಆದ್ದರಿಂದ ಒಂದು ಬಾವಿ ಉಕ್ಕಿದರೆ ಪಕ್ಕದ್ದು ಒಣಗಿರಬಹುದು. ಯಾದಗಿರಿಯ ಕಡೆ ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳು. ಮೇಲಿನ ಸವೆದ ಪದರ ಮತ್ತು ಕೆಳಗಿನ ಸೀಳುಗಳೇ ಅಲ್ಲಿನ ಆಸರೆ.

ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿಯ ಸಂಯೋಜಿತ ಭೂವಿಜ್ಞಾನಿ ಪರೀಕ್ಷೆ ಬರೆಯಬೇಕು. ಅದಕ್ಕೆ ಭೂವಿಜ್ಞಾನ, ಅನ್ವಯಿಕ ಭೂವಿಜ್ಞಾನ ಅಥವಾ ಜಲಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಇದೆ. ರಾಜ್ಯದಲ್ಲಿ ಅಂತರ್ಜಲ ನಿರ್ದೇಶನಾಲಯಕ್ಕೆ ಜಿಲ್ಲಾ ಕಚೇರಿಗಳಿವೆ. ವೀಕ್ಷಣಾ ಬಾವಿಗಳ ನೀರಿನ ಮಟ್ಟ ದಾಖಲಿಸುವುದು ಅವುಗಳ ನಿತ್ಯದ ಕೆಲಸ. ಸಂಶೋಧನೆಯ ಕಡೆ ಹೋಗುವವರಿಗೆ ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿದೆ, ಅದೂ ಗಟ್ಟಿ ಶಿಲೆಯ ಪ್ರದೇಶಗಳ ಅಧ್ಯಯನಕ್ಕೆಂದೇ.

ಖಾಸಗಿಯಾಗಿ ಕೊಳವೆಬಾವಿಗೆ ಸ್ಥಳ ತೋರಿಸುವ ವೃತ್ತಿಯನ್ನೂ ಮಾಡಬಹುದು. ನೆಲಕ್ಕೆ ಒಂದೇ ಗೆರೆಯಲ್ಲಿ ನಾಲ್ಕು ಸಲಾಕೆ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ನೋಡುತ್ತಾರೆ. ಸಲಾಕೆಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ಒಣ ಬಂಡೆ ವಿದ್ಯುತ್ತನ್ನು ತಡೆಯುತ್ತದೆ, ತೇವವಿರುವ ಸವೆದ ಕಲ್ಲು ಬಿಡುತ್ತದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರು ಈ ವೃತ್ತಿಯಲ್ಲಿ ನಿಮಗೆ ಪ್ರತಿಸ್ಪರ್ಧಿಗಳು, ಅವರ ಶುಲ್ಕವೂ ಕಡಿಮೆ. ಅವರನ್ನು ಗೇಲಿ ಮಾಡಿ ಪ್ರಯೋಜನವಿಲ್ಲ. ‘ಇಲ್ಲಿ ಕೊರೆಯಬೇಡಿ, ಹಣ ಹಾಳು’ ಎಂದು ಹೇಳಬಲ್ಲ ಭೂವಿಜ್ಞಾನಿಯನ್ನು ರೈತರು ನಿಧಾನವಾಗಿಯಾದರೂ ನಂಬುತ್ತಾರೆ.

ಪ್ರಶ್ನೆ: ನಮ್ಮದು ಭೀಮಾ ದಡದ ಮೀನುಗಾರರ ಮನೆ. ಹರಿಗೋಲಿನಲ್ಲಿ ಬಲೆ ಹಾಕಿಯೇ ಹಿರಿಯರು ಬದುಕಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ತಮ್ಮ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಈ ಕಸುಬಿನಲ್ಲೇ ಮುಂದೆ ಹೋಗಲು ಏನಾದರೂ ಓದು, ಕೆಲಸ ಇದೆಯೇ?
(ಅಫಜಲಪುರ ತಾಲ್ಲೂಕು)

ಉತ್ತರ: ಇದೆ. ಇಬ್ಬರಿಗೂ ಬೇರೆ ಬೇರೆ ದಾರಿ.

ನಿಮ್ಮ ತಮ್ಮನಿಗೆ ಮೀನುಗಾರಿಕಾ ವಿಜ್ಞಾನದ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿಯಿದೆ, ಸಿಇಟಿ ಮೂಲಕ ಸೀಟು ಸಿಗುತ್ತದೆ. ವಿಚಿತ್ರವೆಂದರೆ ಈ ಪದವಿ ಕೊಡುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ನಮ್ಮ ಬೀದರ್‌ನಲ್ಲಿ, ಮೀನುಗಾರಿಕೆ ಕಾಲೇಜು ಇರುವುದು ಸಮುದ್ರದ ಪಕ್ಕದ ಮಂಗಳೂರಿನಲ್ಲಿ. 1969ರಲ್ಲಿ ಆರಂಭವಾದ ಹಳೆಯ ಕಾಲೇಜದು. ಒಳನಾಡಿನ ಹುಡುಗರು ಅಲ್ಲಿ ಸಮುದ್ರದ ಮೀನಿನ ಬಗ್ಗೆಯೇ ಕಲಿಯಬೇಕಾದೀತು ಎಂದು ಹೆದರಬೇಕಿಲ್ಲ. ಕೆರೆ ಮತ್ತು ಜಲಾಶಯದ ಮೀನುಗಾರಿಕೆ ಪಠ್ಯದಲ್ಲಿದೆ. ರಾಜ್ಯ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಹುದ್ದೆಗೆ ಈ ಪದವಿಯೇ ಅರ್ಹತೆ.

ನಿಮ್ಮ ಮಟ್ಟಿಗೆ ನಮ್ಮ ಸಲಹೆ ಮೀನುಮರಿ ಸಾಕಣೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ, ಮಳೆಗಾಲದ ಹರಿಯುವ ನೀರು ಬೇಕು. 1957ರ ಜುಲೈ 10ರಂದು ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಅಲಿಕುನ್ಹಿ ಅವರು ಹಾರ್ಮೋನ್ ಚುಚ್ಚಿ ಈ ಮೀನುಗಳಿಂದ ಮರಿ ಪಡೆದರು; ಆ ದಿನವನ್ನೇ ಇಂದು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಈಗ ಮರಿ ಉತ್ಪಾದನಾ ಕೇಂದ್ರದಿಂದ ಕೆಲವೇ ಮಿಲಿಮೀಟರ್ ಉದ್ದದ ಸಣ್ಣ ಮರಿ ತಂದು, ಗೊಬ್ಬರ ಹಾಕಿ ಸಿದ್ಧಪಡಿಸಿದ ಹೊಂಡದಲ್ಲಿ ಎರಡು ಮೂರು ತಿಂಗಳು ಸಾಕಿ ಬೆರಳುದ್ದ ಮಾಡಿದರೆ, ಕೆರೆ ಗುತ್ತಿಗೆ ಹಿಡಿದ ಸಂಘಗಳು ಬಿತ್ತನೆಗೆ ಕೊಳ್ಳುತ್ತವೆ. ಸಣ್ಣ ಮರಿಯನ್ನು ನೇರವಾಗಿ ಕೆರೆಗೆ ಬಿಟ್ಟರೆ ಕೊರವ ಮೀನಿಗೂ ಹಕ್ಕಿಗೂ ಆಹಾರವಾಗಿ ಮುಗಿಯುತ್ತದೆ, ಆದ್ದರಿಂದ ಬೆರಳುದ್ದದ ಮರಿಗೆ ಬೇಡಿಕೆ. ಹೊಂಡಕ್ಕೆ ಹಣ ಹಾಕುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಮತ್ಸ್ಯ ಸಂಪದ ಯೋಜನೆಯ ಸಹಾಯಧನದ ವಿವರ ಕೇಳಿಕೊಳ್ಳಿ. ಮೀನುಗಾರರ ಸಹಕಾರ ಸಂಘದ ಸದಸ್ಯತ್ವ ನಿಮ್ಮ ತಂದೆಯವರ ಹೆಸರಿನಲ್ಲಷ್ಟೇ ಇದ್ದರೆ ನಿಮ್ಮ ಹೆಸರಿನಲ್ಲೂ ಮಾಡಿಸಿ. ಕೆರೆ, ಜಲಾಶಯಗಳ ಗುತ್ತಿಗೆಯಲ್ಲಿ ಸಂಘಕ್ಕೆ ಆದ್ಯತೆಯಿದೆ.

ಪ್ರಶ್ನೆ: ಮಗಳು ಸಿವಿಲ್ ಬಿ.ಇ. ಓದುತ್ತಿದ್ದಾಳೆ. ಅಣೆಕಟ್ಟು, ಕಾಲುವೆ ಕೆಲಸ ಹೆಣ್ಣುಮಕ್ಕಳಿಗೆ ಸರಿಹೋಗುತ್ತದೆಯೇ? ಮನೆಯಲ್ಲಿ ಹಿರಿಯರು ಒಪ್ಪುತ್ತಿಲ್ಲ.
(ಸೇಡಂ)

ಉತ್ತರ: ಅಂಥ ಕೆಲಸದಲ್ಲಿ ಹೆಣ್ಣುಮಕ್ಕಳು ಈಗಾಗಲೇ ಇದ್ದಾರೆ, ಆದ್ದರಿಂದ ಆಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಮುಗಿದಿದೆ. ಉಳಿದಿರುವುದು ಅನುಕೂಲದ ಪ್ರಶ್ನೆಗಳು: ಕೆಲಸದ ಸ್ಥಳದಲ್ಲಿ ಶೌಚಾಲಯವಿದೆಯೇ, ನೀರು ಬಿಡುವ ದಿನಗಳಲ್ಲಿ ರಾತ್ರಿ ತಪಾಸಣೆಗೆ ವಾಹನ ಮತ್ತು ಜೊತೆಗಾರರು ಸಿಗುತ್ತಾರೆಯೇ, ವಸತಿಗೃಹ ವಾಸಯೋಗ್ಯವಾಗಿದೆಯೇ ಎಂಬವು. ಇವನ್ನು ಇಲಾಖೆಗೆ ಕೇಳಬೇಕು, ಮಗಳಿಗಲ್ಲ. ಮಗಳಿಗೆ ಬೈಕ್ ಓಡಿಸಲು ಕಲಿಸಿ; ಕಾಲುವೆಯ ಏರಿಯ ಮೇಲೆ ಬಸ್ಸು ಬರುವುದಿಲ್ಲ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ನೀರಾವರಿಯಲ್ಲಿ ನಮ್ಮಂಥವರಿಗೆ ಕೆಲಸವೇ ಇಲ್ಲವೆನ್ನುತ್ತಾರೆ. ನಿಜವೇ?
(ಚಿತ್ತಾಪುರ)

ಉತ್ತರ: ಹುದ್ದೆಗಳು ಕಡಿಮೆ ಎನ್ನುವುದು ನಿಜ, ಕೆಲಸವಿಲ್ಲ ಎನ್ನುವುದು ಸುಳ್ಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ಹಲಗೆ) ಇಳಿಸಿ ನೀರು ಉಳಿಸಿದ್ದು ಗೇಟಿನ ವಿದ್ಯೆ ಬಲ್ಲವರು ಮತ್ತು ಬೆಸುಗೆಗಾರರು. ನಮ್ಮ ಕಡೆಯೂ ಕಾರಂಜಾ, ಬೆಣ್ಣೆತೊರಾ, ಅಮರ್ಜಾ, ಕೆಳದಂಡೆ ಮುಲ್ಲಾಮಾರಿ ಜಲಾಶಯಗಳಿವೆ, ಭೀಮಾ ನದಿಯ ಮೇಲೆ ಸೊನ್ನ, ಸನ್ನತಿ ಬ್ಯಾರೇಜುಗಳಿವೆ. ಪ್ರತಿಯೊಂದರಲ್ಲೂ ಗೇಟು, ರಬ್ಬರ್ ಸೀಲು, ಹಗ್ಗ ಅಥವಾ ಚೈನು, ಎತ್ತುವ ಯಂತ್ರ, ಜನರೇಟರ್ ಇರುತ್ತವೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಕಡ್ಡಾಯ. ಇಲಾಖೆಯ ನೇಮಕಾತಿಗಷ್ಟೇ ಕಾಯದೆ ಗೇಟು ತಯಾರಿಸುವ, ದುರಸ್ತಿ ಮಾಡುವ ಗುತ್ತಿಗೆದಾರರ ಬಳಿ ಸೇರಿ ಕೈಕೆಲಸ ಕಲಿಯಿರಿ. ಈ ವಿದ್ಯೆ ಬಲ್ಲವರಲ್ಲಿ ಹಲವರಿಗೆ ವಯಸ್ಸಾಗಿದೆ, ಅವರ ಜಾಗಕ್ಕೆ ಬರುತ್ತಿರುವವರು ಕಡಿಮೆ.

ಪ್ರಶ್ನೆ: ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ನಗರದ ಶರಣಬಸವೇಶ್ವರ ಕೆರೆಯ ದಡದಲ್ಲೇ ಬೆಳೆದವಳು. ಕೆರೆಗಳ ಸಂರಕ್ಷಣೆಯಲ್ಲಿ ಕೆಲಸ ಮಾಡಬೇಕೆಂದರೆ ಉಪನ್ಯಾಸಕಿಯಾಗುವುದೊಂದೇ ಗತಿ ಎನ್ನುತ್ತಾರೆ.
(ಕಲಬುರಗಿ)

ಉತ್ತರ: ಹಾಗೇನಿಲ್ಲ. ಮೊದಲು ಕೆರೆ ಯಾರ ಸುಪರ್ದಿನಲ್ಲಿದೆ ಎಂಬುದನ್ನು ತಿಳಿಯಿರಿ, ಏಕೆಂದರೆ ಕೆಲಸ ಕೊಡುವವರು ಅವರೇ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಯಲ್ಲಿ, 40ರಿಂದ 2,000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಯಲ್ಲಿ, ನಗರದೊಳಗಿನವು ಸಾಮಾನ್ಯವಾಗಿ ನಗರಾಡಳಿತದಲ್ಲಿ ಬರುತ್ತವೆ. ಸುರಪುರ ಬಳಿಯ ಬೋನಾಳ ಕೆರೆಯಂತೆ ಪಕ್ಷಿಧಾಮವಾದ ಕಡೆ ಅರಣ್ಯ ಇಲಾಖೆಯೂ ಸೇರಿಕೊಳ್ಳುತ್ತದೆ. ಇವರೆಲ್ಲರೂ ಹೂಳೆತ್ತಲು ಎಂಜಿನಿಯರನ್ನು ಕರೆಯುತ್ತಾರೆ. ಕೆರೆಯ ಜೀವ ನೋಡಲು ಯಾರನ್ನೂ ಕರೆಯದಿರುವುದೇ ಹೆಚ್ಚು. ಬೇಸಿನ್ನಿನಂತೆ ಕಲ್ಲು ಕಟ್ಟಿ, ನಡೆದಾಡುವ ದಾರಿ ಮಾಡಿ, ದೀಪ ಹಾಕಿ, ಹಕ್ಕಿ ಬಾರದಂತಾದ ಕೆರೆಗಳು ರಾಜ್ಯದಲ್ಲಿ ಬೇಕಾದಷ್ಟಿವೆ.

ನಿಮ್ಮ ಓದಿಗೆ ಹತ್ತಿರದ ಕೆಲಸ ನೀರಿನ ಗುಣಮಟ್ಟದ ಪರೀಕ್ಷೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ನಗರ ನೀರು ಸರಬರಾಜು ಮಂಡಳಿ, ಜಲಜೀವನ ಮಿಷನ್ನಿನ ಪ್ರಯೋಗಾಲಯಗಳು, ಸಿಮೆಂಟ್ ಮತ್ತು ಔಷಧ ಕಾರ್ಖಾನೆಗಳ ಪರಿಸರ ವಿಭಾಗ, ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯ, ಇಷ್ಟು ಕಡೆ ಅವಕಾಶವಿದೆ. ಕೈ ಪಳಗಿರಬೇಕಾದ ಪರೀಕ್ಷೆಗಳಲ್ಲಿ ಒಂದನ್ನು ಹೇಳುವುದಾದರೆ ನೀರಿನಲ್ಲಿ ಕರಗಿದ ಆಮ್ಲಜನಕದ್ದು. ಗುಳ್ಳೆ ಸೇರದಂತೆ ಬಾಟಲಿ ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಬೇಕು. ಕಂದು ಬಣ್ಣದ ಗಸಿ ಕೂತರೆ ಆಮ್ಲಜನಕವಿದೆ. ಗಸಿ ಬೆಳ್ಳಗೇ ಉಳಿದರೆ ಇಲ್ಲ. ಬಾಟಲಿಯನ್ನು ಹಾಗೆಯೇ ಬ್ಯಾಗಿನಲ್ಲಿಟ್ಟು ಸಂಜೆ ಪ್ರಯೋಗಾಲಯದಲ್ಲಿ ನೋಡಿದರಾಯಿತೆಂದರೆ ಅಷ್ಟರಲ್ಲಿ ಒಳಗಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಬಿಟ್ಟಿರುತ್ತವೆ, ಫಲಿತಾಂಶ ಸುಳ್ಳಾಗುತ್ತದೆ. ಬೆಳಗಿನ ಜಾವದ ಅಂಕಿ ಮಧ್ಯಾಹ್ನದ್ದಕ್ಕಿಂತ ಬೇರೆ. ಪಾಚಿ ತುಂಬಿದ ಕೆರೆಯಲ್ಲಿ ಮೀನು ಸಾಯುವುದು ಹೆಚ್ಚಾಗಿ ಬೆಳಗಾಗುವ ಮೊದಲು.

ಇದರ ಜೊತೆಗೆ ನಕ್ಷೆ ಮಾಡಲು ಕಲಿಯಿರಿ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ. ಕೆರೆಗೆ ಯಾವ ಕಡೆಯಿಂದ ನೀರು ಬರುತ್ತದೆ, ರಾಜಕಾಲುವೆ ಎಲ್ಲಿ ಮುಚ್ಚಿದೆ, ಚರಂಡಿ ಎಲ್ಲಿ ಸೇರುತ್ತದೆ ಎಂಬುದನ್ನು ನಕ್ಷೆಯ ಮೇಲೆ ತೋರಿಸಬಲ್ಲ ಪ್ರಾಣಿಶಾಸ್ತ್ರಜ್ಞೆಯನ್ನು ಸಲಹಾ ಸಂಸ್ಥೆಗಳು ಬೇಡವೆನ್ನುವುದಿಲ್ಲ. 2017ರ ಜೌಗುಪ್ರದೇಶ ನಿಯಮಗಳಡಿ ಬರುವ ಜಲಮೂಲಗಳ ದಾಖಲೆ ಸಿದ್ಧಪಡಿಸಲು ಇಂಥವರೇ ಬೇಕು.

ಪ್ರಶ್ನೆ: ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಈ ಎಲ್ಲ ಹುದ್ದೆಗಳಿಗೂ ಸಿಗುತ್ತದೆಯೇ? ಸರ್ಕಾರಿ ನೇಮಕಾತಿಗೆ ಕಾಯುತ್ತ ಮನೆಯಲ್ಲಿ ಕೂತು ಓದುವುದೋ, ಗುತ್ತಿಗೆ ಕೆಲಸಕ್ಕೆ ಸೇರುವುದೋ?
(ಆಳಂದ)

ಉತ್ತರ: ರಾಜ್ಯ ಸರ್ಕಾರದ ಹುದ್ದೆಗಳಿಗೆ ಮಾತ್ರ ಸಿಗುತ್ತದೆ. ಕಲ್ಯಾಣ ಕರ್ನಾಟಕದಲ್ಲಿರುವ ಹುದ್ದೆಗಳಲ್ಲಿ ಸ್ಥಳೀಯರಿಗೆ ‘ಎ’ ಮತ್ತು ‘ಬಿ’ ಗುಂಪಿಗೆ ಶೇ 75, ‘ಸಿ’ ಗುಂಪಿಗೆ ಶೇ 80, ‘ಡಿ’ ಗುಂಪಿಗೆ ಶೇ 85 ಮೀಸಲಿದೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಕೇಂದ್ರ ಜಲ ಆಯೋಗ, ಅಂತರ್ಜಲ ಮಂಡಳಿಗಳಿಗೆ ಇದು ಅನ್ವಯಿಸುವುದಿಲ್ಲ. ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಿ. ಅಧಿಸೂಚನೆ ಬಂದ ಮೇಲೆ ಓಡಾಡಿದವರು ಕೊನೆಯ ದಿನಾಂಕ ತಪ್ಪಿಸಿಕೊಂಡ ಉದಾಹರಣೆಗಳಿವೆ.

ಎರಡನೆಯ ಪ್ರಶ್ನೆಗೆ ನಮ್ಮ ಉತ್ತರ: ಸೇರಿಕೊಳ್ಳಿ, ಜೊತೆಗೇ ಓದಿ. ಗುತ್ತಿಗೆ ಕೆಲಸದಲ್ಲಿ ಸಂಬಳ ಕಡಿಮೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಡವೂ ಆಗುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೂ ಒಂದು ಕಾಲುವೆಯ ಸಮೀಕ್ಷೆ, ಒಂದು ಕೆರೆಯ ಅಂದಾಜುಪಟ್ಟಿ, ಒಂದು ಹಳ್ಳಿಯ ನಳದ ನೀರಿನ ಯೋಜನೆ ಕೈಯಾರೆ ಮಾಡಿದವರಿಗೆ ಪರೀಕ್ಷೆಯ ಜಲವಿಜ್ಞಾನದ ಪ್ರಶ್ನೆಗಳು ಬಾಯಿಪಾಠವಾಗಿ ಉಳಿಯುವುದಿಲ್ಲ. ಸೇರುವ ಮೊದಲು ಮೂರು ವಿಷಯ ಲಿಖಿತವಾಗಿ ಕೇಳಿ: ನೇಮಕ ಯಾರ ಹೆಸರಿನಲ್ಲಿ, ಭವಿಷ್ಯ ನಿಧಿ ಕಟ್ಟುತ್ತಾರೆಯೇ, ಅನುಭವ ಪ್ರಮಾಣಪತ್ರ ಕೊಡುವವರು ಏಜೆನ್ಸಿಯವರೋ ಇಲಾಖೆಯವರೋ. ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಕಡೆ ಅರ್ಜಿ ಹಾಕಿ.